ಸೀಮೆಸುಣ್ಣದ ಕೋಡು, ಮುರಕಲ್ಲಿನ ಅಂಚು

ಹೊಸಂಗಡಿ ಪೇಟೆಯಿಂದ ಪಡುವಲಿಗೆ ಹೊರಟು ರೈಲ್ವೆ ಗೇಟು ದಾಟಿದರೆ ಸ್ವಲ್ಪ ಹೊತ್ತಿನಲ್ಲೇ ಗಾಳಿಗೆ ಉಪ್ಪಿನ ವಾಸನೆ ಹತ್ತುತ್ತದೆ. ತೆಂಗಿನ ತೋಟಗಳ ನಡುವಿನ ದಾರಿ ಮುಗಿಯುವಲ್ಲಿ ಕಡಲು. ಮೂಡಲಿಗೆ ಹೊರಟರೆ ಏರು. ಗುಡ್ಡ ಹತ್ತಿ ನಿಂತರೆ ಪದವು, ಬಿಸಿಲಿಗೆ ಕಾದ ಹೆಂಚಿನಂಥ ಬಯಲು. ಹೆದ್ದಾರಿ ಅಗಲ ಮಾಡಲು ಕಡಿದ ಗುಡ್ಡಗಳ ಮೈ ಈ ಸೀಮೆಯಲ್ಲಿ ಹಲವು ಕಡೆ ಬೆತ್ತಲಾಗಿ ನಿಂತಿದೆ. ಹತ್ತಿರ ಹೋಗಿ ನೋಡಬೇಕು. ಮೇಲಿನ ಪದರ ಕಪ್ಪುಗೆಂಪು, ಕಬ್ಬಿಣದ ಕಿಟ್ಟದ ಹಾಗೆ ಗಟ್ಟಿ. ಅದರ ಕೆಳಗೆ ಜೇನುಗೂಡಿನಂತೆ ತೂತುತೂತು, ತೂತುಗಳ ಒಳಗೆ ಹಳದಿ ಮತ್ತು ಬಿಳಿ ಜೇಡಿ. ಇನ್ನೂ ಕೆಳಗೆ ಉಗುರು ಊರಿದರೆ ಗುರುತು ಉಳಿಯುವಷ್ಟು ಮೆದು. ಇದು ಮುರಕಲ್ಲು. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ಮನೆ, ದೇವಸ್ಥಾನ, ಕಟ್ಟೆ, ಕೋಟೆಗಳೆಲ್ಲ ಹೆಚ್ಚುಕಡಮೆ ಇದೇ ಕಲ್ಲಿನವು.

ಈ ಕಲ್ಲಿಗೆ ಜಗತ್ತಿನ ಭೂವಿಜ್ಞಾನದಲ್ಲಿ ಒಂದು ಹೆಸರು ಸಿಕ್ಕಿದ್ದು ಒಬ್ಬ ದಾರಿಹೋಕನಿಂದ. ಟಿಪ್ಪು ಸುಲ್ತಾನ 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಕೆನರಾ ಕಂಪನಿ ಸರಕಾರದ ಕೈಸೇರಿತು. ಹೊಸದಾಗಿ ಕೈಗೆ ಬಂದ ನೆಲದಲ್ಲಿ ಏನು ಬೆಳೆಯುತ್ತದೆ, ಯಾರು ಬೆಳೆಯುತ್ತಾರೆ, ಕಂದಾಯ ಎಷ್ಟು ಬರುತ್ತದೆ ಎಂದು ತಿಳಿದು ಬರುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್‌ನನ್ನು ಕಳಿಸಿದ. 1800ರ ಏಪ್ರಿಲಿನಲ್ಲಿ ಮದರಾಸು ಬಿಟ್ಟ ಬುಕಾನನ್ ಮೈಸೂರು ಸೀಮೆ, ಮಲಬಾರುಗಳನ್ನು ಸುತ್ತಿ 1801ರ ಆರಂಭದಲ್ಲಿ ಹೊಸದುರ್ಗ, ಬೇಕಲ, ಚಂದ್ರಗಿರಿ, ಕುಂಬಳೆ, ಮಂಜೇಶ್ವರಗಳ ದಾರಿ ಹಿಡಿದು ಮಂಗಳೂರಿಗೆ ಬಂದ. ಅದಕ್ಕೆ ಮೊದಲೇ ಮಲಬಾರಿನ ಅಂಗಾಡಿಪುರದ ಬಳಿ ಅವನ ಕಣ್ಣು ಈ ಕಲ್ಲಿನ ಮೇಲೆ ಬಿದ್ದಿತ್ತು. ನೆಲದಲ್ಲಿರುವಾಗ ಕೊಡಲಿಗೆ ಸಿಗುವಷ್ಟು ಮೆದು, ಕಡಿದು ಗಾಳಿಗಿಟ್ಟರೆ ಇಟ್ಟಿಗೆಯಂತೆ ಗಟ್ಟಿ. ಇದನ್ನು ಊರ ಜನ ಏನೆನ್ನುತ್ತಾರೆ ಎಂದು ಕೇಳಿದ. ಇಟ್ಟಿಗೆ ಕಲ್ಲು ಎಂದರು. ಅದನ್ನೇ ಲ್ಯಾಟಿನಿಗೆ ತಿರುಗಿಸಿ ಲ್ಯಾಟರೈಟ್ ಎಂದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅವನ ಪ್ರವಾಸ ಕಥನ ಅಚ್ಚಾದಾಗ ಆ ಹೆಸರೂ ಲೋಕಕ್ಕೆ ಹೋಯಿತು. ಈಗ ಬ್ರೆಜಿಲಿನಿಂದ ಆಫ್ರಿಕದವರೆಗೆ ಎಲ್ಲ ಕಡೆ ಬಳಕೆಯಲ್ಲಿರುವ ಆ ಪದದ ಬೇರು ನಮ್ಮ ಕರಾವಳಿಯ ಕಲ್ಲು ಕಡಿಯುವವರ ಮಾತಿನಲ್ಲಿದೆ.

ಬುಕಾನನ್ ಕಲ್ಲನ್ನು ಕಂಡ, ಬೆಳೆಯನ್ನು ಕಂಡ, ಉಪ್ಪಿನ ಗದ್ದೆಯನ್ನೂ ಕಂಡ. ಅವನ ಕೆಲಸಕ್ಕೆ ಅಷ್ಟು ಸಾಕಿತ್ತು. ಕಲ್ಲು ಮತ್ತು ಕಡಲು ಸೇರುವ ಅಂಚಿನಲ್ಲಿ ಬರಿದೇ ನೋಡುತ್ತ ನಿಲ್ಲುವುದು ಅವನ ಆಜ್ಞಾಪತ್ರದಲ್ಲಿ ಇರಲಿಲ್ಲ.

ಅದೇ 1801ರಲ್ಲಿ, ಬಾಲ್ಟಿಕ್ ಕಡಲಿನ ರ್ಯೂಗನ್ ದ್ವೀಪದಲ್ಲಿ, ಇಪ್ಪತ್ತಾರರ ಹರೆಯದವನೊಬ್ಬ ಚೀಲದಲ್ಲಿ ಕಾಗದ, ಸೀಸದಕಡ್ಡಿ ಇಟ್ಟುಕೊಂಡು ಕಾಲ್ನಡಿಗೆಯಲ್ಲಿ ತಿರುಗುತ್ತಿದ್ದ. ಕಡಲಿನಿಂದ ನೆಟ್ಟಗೆ ಎದ್ದ ಬಿಳಿ ಕೋಡುಗಳ ತುದಿಗೆ ಹೋಗಿ ಕೂತು ಬರೆಯುತ್ತಿದ್ದ. ಅವನೇ ಕಾಸ್ಪರ್ ಡಾವಿಡ್ ಫ್ರೀಡ್ರಿಖ್, ಜರ್ಮನ್ ರೊಮ್ಯಾಂಟಿಕ್ ಪಂಥದ ದೊಡ್ಡ ಚಿತ್ರಕಾರ. ಆಗಿನ್ನೂ ಆ ಹೆಸರಿಗೆ ಬೆಲೆ ಬಂದಿರಲಿಲ್ಲ.

ಫ್ರೀಡ್ರಿಖ್ ಹುಟ್ಟಿದ್ದು 1774ರ ಸೆಪ್ಟೆಂಬರ್ 5ರಂದು, ರ್ಯೂಗನ್ನಿನ ಎದುರು ದಂಡೆಯ ಗ್ರೈಫ್ಸ್‌ವಾಲ್ಡ್ ಎಂಬ ಬಂದರು ಪಟ್ಟಣದಲ್ಲಿ. ಆಗ ಆ ಊರು ಸ್ವೀಡನ್ನಿನ ದೊರೆತನಕ್ಕೆ ಸೇರಿತ್ತು. ಅಪ್ಪ ಮೇಣದಬತ್ತಿ ಮತ್ತು ಸಾಬೂನು ಕಾಯಿಸುವ ಕಸುಬಿನವನು. ಹತ್ತು ಮಕ್ಕಳಲ್ಲಿ ಇವನು ಆರನೆಯವನು. ಏಳು ವರ್ಷ ತುಂಬುವ ಮೊದಲೇ ತಾಯಿ ತೀರಿಹೋದಳು. ಹದಿಮೂರರಲ್ಲಿ, 1787ರ ಚಳಿಗಾಲದಲ್ಲಿ, ತಮ್ಮ ಯೋಹಾನ್ ಕ್ರಿಸ್ಟೋಫರ್ ಇವನ ಕಣ್ಣೆದುರೇ ನೀರುಪಾಲಾದ. ಮಂಜುಗಡ್ಡೆ ಒಡೆದು ಬಿದ್ದ ಅಣ್ಣನನ್ನು ಎಳೆಯಲು ಹೋಗಿ ತಮ್ಮ ಮುಳುಗಿದ ಎಂದೇ ಹಲವರು ಹೇಳುತ್ತಾರೆ. ಮುಂದೆ ಅವನು ಬರೆದ ಕಡಲುಗಳಲ್ಲಿ ಆಟವಾಡುವ ನೀರು ಇಲ್ಲ. ಅಲ್ಲಿರುವುದು ಕಾಯುವ ನೀರು. ಈ ಎರಡಕ್ಕೂ ನಂಟು ಹಾಕದೆ ಅವನ ಜೀವನಚರಿತ್ರೆ ಬರೆದವರು ಕಡಮೆ.

ಅವನ ಕಣ್ಣನ್ನು ಕಡಲಿನತ್ತ ತಿರುಗಿಸಿದವರಲ್ಲಿ ಒಬ್ಬ ಪಾದ್ರಿಯೂ ಇದ್ದ, ಹೆಸರು ಲುಡ್ವಿಗ್ ಗೊಟ್‌ಹಾರ್ಡ್ ಕೋಸೆಗಾರ್ಟನ್. ಕವಿಯೂ ಆಗಿದ್ದ ಅವನು ರ್ಯೂಗನ್ನಿನ ಆಲ್ಟನ್‌ಕಿರ್ಖನ್ ಎಂಬಲ್ಲಿನ ಇಗರ್ಜಿಯವನು. ಹೆರಿಂಗ್ ಮೀನು ಹಿಂಡುಹಿಂಡಾಗಿ ಬರುವ ಕಾಲದಲ್ಲಿ ವಿಟ್ ಎಂಬ ಹಳ್ಳಿಯ ಬೆಸ್ತರಿಗೆ ದಡ ಬಿಟ್ಟು ಇಗರ್ಜಿಗೆ ನಡೆದು ಬರಲು ಪುರಸೊತ್ತಿರುತ್ತಿರಲಿಲ್ಲ. ಹಾಗಾಗಿ ಪಾದ್ರಿಯೇ ದಡಕ್ಕೆ ಹೋಗಿ ಬಯಲಿನಲ್ಲಿ, ಬಲೆಗಳ ನಡುವೆ, ಗಾಳಿಗೆ ಎದುರಾಗಿ ನಿಂತು ಉಪದೇಶ ಮಾಡುತ್ತಿದ್ದ. ದೇವರು ಬರೆದ ಮೊದಲ ಪುಸ್ತಕ ಪ್ರಕೃತಿ ಎಂಬುದು ಅವನ ನಂಬಿಕೆ. ಬೂತಾಯಿ, ಬಂಗುಡೆ ದಡಕ್ಕೆ ಒತ್ತಿ ಬರುವ ದಿನಗಳಲ್ಲಿ ಊರೇ ಕಡಲಿಗೆ ಇಳಿಯುವುದನ್ನು ಕಂಡ ಮಂಜೇಶ್ವರದವರಿಗೆ ಆ ದೃಶ್ಯ ಹೊಸದೆನಿಸದು. ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದ ಚಿತ್ರಕಲಾ ಮೇಷ್ಟರು ಕ್ವಿಸ್ಟೋರ್ಪ್, ಈ ಕೋಸೆಗಾರ್ಟನ್ನನ ಗೆಳೆಯ. ಫ್ರೀಡ್ರಿಖ್ ಚಿತ್ರ ಕಲಿತದ್ದು ಈ ಮೇಷ್ಟರ ಕೈಯಲ್ಲಿ.

ಆಮೇಲೆ ಕೋಪನ್‌ಹೇಗನ್ನಿನ ಅಕಾಡೆಮಿಯಲ್ಲಿ ನಾಲ್ಕು ವರ್ಷ. 1798ರಲ್ಲಿ ಡ್ರೆಸ್ಡೆನ್ನಿಗೆ ಹೋದವನು ಸಾಯುವವರೆಗೂ ಅಲ್ಲೇ ನೆಲೆಸಿದ. ಆದರೆ ಕಡಲು ಅವನನ್ನು ಬಿಡಲಿಲ್ಲ. 1801, 1802, 1806, 1815, 1818, 1826 ಹೀಗೆ ಮತ್ತೆ ಮತ್ತೆ ರ್ಯೂಗನ್ನಿಗೆ ಬಂದ. ಇಟಲಿಗೆ ಹೋಗಿ ರೋಮಿನ ಪಾಳು ಕಂಬಗಳನ್ನು ನೋಡಿ ಬರದಿದ್ದರೆ ಚಿತ್ರಕಾರನೇ ಅಲ್ಲ ಎಂಬ ಕಾಲ ಅದು. ಫ್ರೀಡ್ರಿಖ್ ಇಟಲಿಗೆ ಹೋಗಲೇ ಇಲ್ಲ. ಅವನಿಗೆ ತನ್ನೂರಿನ ದಂಡೆಯೇ ಸಾಕಾಯಿತು. ಈ ಒಂದು ಹಟಕ್ಕಾಗಿಯಾದರೂ ಕರಾವಳಿಯ ಜನ ಅವನನ್ನು ಗೌರವದಿಂದ ನೆನೆಯಬೇಕು.

ಅವನು ಕೆಲಸ ಮಾಡುತ್ತಿದ್ದ ಬಗೆಯೂ ಬೇರೆ. ಕಡಲಂಚಿನಲ್ಲಿ ಸೀಸದಕಡ್ಡಿಯಿಂದ ಒಂದು ಮರ, ಒಂದು ಬಂಡೆ, ಒಂದು ದೋಣಿ ಎಂದು ಬಿಡಿಬಿಡಿಯಾಗಿ, ಎಲೆ ಎಣಿಸಬಹುದಾದಷ್ಟು ನಿಖರವಾಗಿ ಬರೆದುಕೊಂಡು ತಾರೀಕು ಹಾಕುತ್ತಿದ್ದ. ಬಣ್ಣದ ಕೆಲಸ ಡ್ರೆಸ್ಡೆನ್ನಿನ ಮನೆಯಲ್ಲಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ. ಗೆಳೆಯ ಕೆರ್ಸ್ಟಿಂಗ್ ಅವನ ಕೋಣೆಯನ್ನು ಚಿತ್ರವಾಗಿ ಬರೆದಿಟ್ಟಿದ್ದಾನೆ: ಬೋಳು ಗೋಡೆ, ಒಂದು ಕುರ್ಚಿ, ಚಿತ್ರದ ಹಲಗೆ, ಕೆಳಭಾಗ ಮುಚ್ಚಿದ ಕಿಟಕಿ. ಕಡಲು ಬರೆಯುವವನ ಕೋಣೆಯಿಂದ ಹೊರಗಿನದೇನೂ ಕಾಣುವುದಿಲ್ಲ. ನೆನಪು ಸೋಸಿ ಉಳಿಸಿದ್ದಷ್ಟೇ ಚಿತ್ರಕ್ಕೆ ಇಳಿಯಬೇಕು.

ಹಾಗೆ ಇಳಿದದ್ದರಲ್ಲಿ ಮೊದಲು ಜನರನ್ನು ಬೆಚ್ಚಿಸಿದ್ದು ‘ಕಡಲ ಬಳಿಯ ಸನ್ಯಾಸಿ’. 1808ರಿಂದ 1810ರವರೆಗೆ ತಿದ್ದಿ ತಿದ್ದಿ ಬರೆದದ್ದು. ಒಂದು ಪಟ್ಟಿ ಬಿಳಿಚು ಮರಳು, ಒಂದು ಪಟ್ಟಿ ಕಪ್ಪು ನೀರು, ಉಳಿದ ಮುಕ್ಕಾಲು ಪಾಲು ಬರೀ ಆಕಾಶ. ಮರಳಿನ ಮೇಲೆ ಬೆರಳುದ್ದದ ಒಬ್ಬ ಸನ್ಯಾಸಿ, ನಮಗೆ ಬೆನ್ನು ಹಾಕಿ. ಮೊದಲು ಅವನು ಕಡಲಿನಲ್ಲಿ ಹಡಗುಗಳನ್ನೂ ಬರೆದಿದ್ದ, ಆಮೇಲೆ ಅವುಗಳ ಮೇಲೆ ಬಣ್ಣ ಹೊಡೆದು ಅಳಿಸಿದ ಎಂಬುದು ನಮ್ಮ ಕಾಲದ ಕಿರಣ ಪರೀಕ್ಷೆಗಳಿಂದ ಗೊತ್ತಾಗಿದೆ. ಕಣ್ಣಿಗೆ ಆಸರೆಯಾಗುವ ಯಾವುದನ್ನೂ ಅವನು ಉಳಿಸಲಿಲ್ಲ. 1810ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಇದನ್ನು ಕಂಡ ನಾಟಕಕಾರ ಕ್ಲೈಸ್ಟ್ ತಲ್ಲಣಗೊಂಡು ಪತ್ರಿಕೆಯಲ್ಲಿ ಬರೆದ. ಪ್ರಷ್ಯದ ದೊರೆ ಕೊಂಡುಕೊಂಡ.

1818ರ ಜನವರಿ 21ರಂದು, ನಲವತ್ತಮೂರನೆಯ ವಯಸ್ಸಿನಲ್ಲಿ, ಫ್ರೀಡ್ರಿಖ್ ಮದುವೆಯಾದ. ಒಂಟಿ ಗೂಬೆಯಂತೆ ಇದ್ದವನಿಗೆ ಹೆಂಡತಿ ಬಂದದ್ದು ಗೆಳೆಯರಿಗೆಲ್ಲ ಆಶ್ಚರ್ಯ. ಹುಡುಗಿ ಕರೋಲಿನೆ ಬೊಮ್ಮರ್, ಅವನಿಗಿಂತ ಸುಮಾರು ಹತ್ತೊಂಬತ್ತು ವರ್ಷ ಚಿಕ್ಕವಳು. ಆ ಬೇಸಗೆಯಲ್ಲಿ ಹೊಸ ಮದುಮಗಳನ್ನು ಗಂಡನ ಮನೆಯವರಿಗೆ ತೋರಿಸಲು ಗ್ರೈಫ್ಸ್‌ವಾಲ್ಡಿಗೆ ಕರೆತಂದ. ತಮ್ಮ ಕ್ರಿಸ್ಟಿಯನ್ ಮತ್ತು ಅವನ ಹೆಂಡತಿಯೊಡನೆ ಎಲ್ಲರೂ ರ್ಯೂಗನ್ನಿಗೆ ಹೋದರು. ಆ ತಿರುಗಾಟದಿಂದ ಹುಟ್ಟಿದ್ದು ‘ರ್ಯೂಗನ್ನಿನ ಸೀಮೆಸುಣ್ಣದ ಬಂಡೆಗಳು’. ಉದ್ದ 90.5 ಸೆಂಟಿಮೀಟರ್, ಅಗಲ 71. ನಮ್ಮ ಮನೆಗಳ ಗೋಡೆಗೆ ತೂಗುಹಾಕುವ ದೊಡ್ಡ ಕನ್ನಡಿಯಷ್ಟು.

ಚಿತ್ರದ ಎರಡು ಮಗ್ಗುಲಲ್ಲಿ ಎರಡು ಮರಗಳು, ಮೇಲೆ ಕೊಂಬೆ ಬಾಗಿಸಿ ಚಪ್ಪರ ಕಟ್ಟಿವೆ. ಕೆಳಗೆ ಹುಲ್ಲಿನ ಅಂಚು. ನಡುವೆ ಬಿಳಿ ಕೋಡುಗಳು ಹಲ್ಲುಹಲ್ಲಾಗಿ ಎದ್ದು ಒಂದು ಕಂಡಿ ಬಿಟ್ಟಿವೆ. ಆ ಕಂಡಿಯಲ್ಲಿ ಕಡಲು ಕಾಣುತ್ತದೆ, ಆದರೆ ದೂರಕ್ಕೆ ಚಾಚಿಕೊಂಡು ಮಲಗಿದ ಹಾಗಲ್ಲ. ಗೋಡೆಗೆ ಹಾಸಿದ ಸೀರೆಯಂತೆ ನೆಟ್ಟಗೆ ಮೇಲಕ್ಕೆ ಏರಿದ ಹಾಗೆ. ಕೆಳಗೆ ತಿಳಿಹಸಿರು, ಮೇಲೆ ಹೋದಂತೆ ನೀಲಿ, ನೀಲಿಯೊಳಗೆ ನಸುಗೆಂಪು. ಆ ನೀರಿನ ಮೇಲೆ ಎರಡೇ ಎರಡು ಪುಟ್ಟ ಬಿಳಿ ಹಾಯಿಗಳು.

ಅಂಚಿನಲ್ಲಿ ಮೂವರು. ಎಡಕ್ಕೆ ಕೆಂಪು ಉಡುಪಿನ ಹೆಂಗಸು ಕೂತಿದ್ದಾಳೆ, ಒಂದು ಕೈಯಲ್ಲಿ ಪೊದೆಯನ್ನು ಹಿಡಿದುಕೊಂಡು ಇನ್ನೊಂದು ಕೈಯಿಂದ ಕೆಳಗೆ ಏನನ್ನೋ ತೋರಿಸುತ್ತಾಳೆ. ನಡುವೆ ವಯಸ್ಸಾದ ಗಂಡಸು ಮೊಣಕಾಲೂರಿ, ಕೈಗಳನ್ನೂ ಊರಿ, ಹುಲ್ಲಿನ ನಡುವೆ ತಡಕುತ್ತಾ ಅಂಚಿನತ್ತ ತೆವಳಿದ್ದಾನೆ. ಟೋಪಿ, ಊರುಗೋಲು ಪಕ್ಕದಲ್ಲಿ ಬಿದ್ದಿವೆ. ಬಲಕ್ಕೆ ಮೂರನೆಯವನು ಮರದ ಬೊಡ್ಡೆಗೆ ಒರಗಿ, ತೋಳು ಕಟ್ಟಿ, ಹೆದರಿಕೆಯೇ ಇಲ್ಲದವನಂತೆ ದೂರದ ನೀರನ್ನು ನೋಡುತ್ತಿದ್ದಾನೆ. ಹೆಂಗಸು ಕರೋಲಿನೆ ಎಂದು ಹೆಚ್ಚಿನವರ ಒಪ್ಪಿಗೆಯಿದೆ. ಉಳಿದಿಬ್ಬರ ಬಗ್ಗೆ ಚರ್ಚೆ ಮುಗಿದಿಲ್ಲ. ತೆವಳುವವನು ಫ್ರೀಡ್ರಿಖ್, ನಿಂತವನು ತಮ್ಮ ಎನ್ನುವವರಿದ್ದಾರೆ; ಇಬ್ಬರೂ ಅವನೇ, ಒಬ್ಬ ಈಗಿನವನು, ಒಬ್ಬ ಹಿಂದಿನವನು ಎನ್ನುವವರೂ ಇದ್ದಾರೆ. ಕೆಂಪು, ನೀಲಿ, ಹಸಿರು ಬಟ್ಟೆಗಳಲ್ಲಿ ಕ್ರೈಸ್ತ ಧರ್ಮದ ಪ್ರೀತಿ, ನಂಬಿಕೆ, ಭರವಸೆಗಳ ಸಂಕೇತ ಕಂಡವರೂ ಉಂಟು. ಸಂಕೇತ ಏನೇ ಇರಲಿ, ಆ ತೆವಳುವ ಮುದುಕನ ಕೈಗಳನ್ನು ನೋಡಬೇಕು. ಬಂಡೆಯ ಅಂಚಿಗೆ ಹೋದ ಯಾರ ಕಾಲಿಗಾದರೂ ಬರುವ ನಡುಕ ಅಲ್ಲಿದೆ. ಸೌಂದರ್ಯ ಮತ್ತು ಭಯ ಒಂದೇ ಹಿಡಿ ಹುಲ್ಲಿನಲ್ಲಿ ಸಿಕ್ಕಿಕೊಂಡಿವೆ.

ನಿಂತವನ ಉಡುಪಿನಲ್ಲಿ ರಾಜಕೀಯವೂ ಅಡಗಿತ್ತು. ಅದು ಹಳೆಯ ಜರ್ಮನ್ ಮಾದರಿಯ ಉಡುಪು, ನೆಪೋಲಿಯನ್ನನ ವಿರುದ್ಧ ಎದ್ದ ದೇಶಾಭಿಮಾನಿ ತರುಣರು ತೊಡುತ್ತಿದ್ದದ್ದು. 1819ರ ಕಾರ್ಲ್ಸ್‌ಬಾಡ್ ಕಟ್ಟಳೆಗಳ ಬಳಿಕ ಆ ವೇಷವನ್ನೇ ಸರಕಾರಗಳು ಅನುಮಾನದಿಂದ ನೋಡತೊಡಗಿದವು. ಫ್ರೀಡ್ರಿಖ್ ಮಾತ್ರ ತನ್ನ ಚಿತ್ರಗಳ ಮನುಷ್ಯರಿಗೆ ಅದನ್ನೇ ತೊಡಿಸುತ್ತ ಹೋದ.

ಈ ಬಿಳಿ ಬಂಡೆ ಎಂದರೇನು ಎಂದು ಕೇಳಿದರೆ ನಮ್ಮ ಕರಾವಳಿಯವರಿಗೆ ಉತ್ತರ ಹತ್ತಿರದಲ್ಲೇ ಇದೆ. ಮರುವಾಯಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡಿ ಗೋಡೆಗೂ ವೀಳ್ಯದೆಲೆಗೂ ಬಳಿದ ಜನ ನಾವು. ರ್ಯೂಗನ್ನಿನ ಬಂಡೆಯೂ ಅಂಥ ಸುಣ್ಣವೇ. ಸುಮಾರು 7 ಕೋಟಿ ವರ್ಷಗಳ ಹಿಂದೆ ಕಣ್ಣಿಗೆ ಕಾಣದಷ್ಟು ಸಣ್ಣ ಕಡಲ ಜೀವಿಗಳ ಚಿಪ್ಪುಗಳು ತಳದಲ್ಲಿ ಕೂತು ಕೂತು ಗಟ್ಟಿಯಾದದ್ದು. ನಡುನಡುವೆ ಕಪ್ಪು ಚಕಮಕಿ ಕಲ್ಲಿನ ಸಾಲು. ಅತಿ ಎತ್ತರದ ಕೋಡು ಕ್ಯೋನಿಗ್‌ಷ್ಟೂಲ್, ಎಂದರೆ ರಾಜಪೀಠ, 118 ಮೀಟರ್. ಸೀಮೆಸುಣ್ಣ ಮೆದು. ಮಳೆ, ಮಂಜು, ಅಲೆ ಮೂರೂ ಸೇರಿ ಅದನ್ನು ಪ್ರತಿ ವರ್ಷ ಕೆಡಹುತ್ತಲೇ ಇರುತ್ತವೆ. ಚಿತ್ರದಲ್ಲಿರುವ ಜಾಗ ಇಂಥದ್ದೇ ಎಂದು ಬೆರಳಿಡಲು ಬಾರದಿರುವುದಕ್ಕೆ ಇದೂ ಒಂದು ಕಾರಣ. ವಿಸ್ಸೋವರ್ ಕ್ಲಿಂಕನ್ ಎಂಬ ಜೋಡಿ ಕೋಡುಗಳೇ ಚಿತ್ರದಲ್ಲಿವೆ ಎಂದು ಪ್ರವಾಸಿಗಳಿಗೆ ಬಹುಕಾಲ ಹೇಳಲಾಗುತ್ತಿತ್ತು. ಆದರೆ ಫ್ರೀಡ್ರಿಖ್ ಬರೆದ ಕಾಲಕ್ಕೆ ಆ ಕೋಡುಗಳಿಗೆ ಆ ಆಕಾರವೇ ಬಂದಿರಲಿಲ್ಲ. ಬೇರೆ ಬೇರೆ ಕಡೆ ಬರೆದುಕೊಂಡ ಗೆರೆಗಳನ್ನು ಕೂಡಿಸಿ ಅವನು ತನ್ನದೇ ಒಂದು ಕಡಲಂಚನ್ನು ಕಟ್ಟಿದ.

ಅವನ ಕೊನೆಗಾಲ ನೋವಿನದು. 1820–21ರ ಚಳಿಗಾಲದಲ್ಲಿ ಎಲ್ಬೆ ಹೊಳೆಯಲ್ಲಿ ಒತ್ತೊತ್ತಾಗಿ ಬಂದ ಮಂಜುಗಡ್ಡೆಗಳನ್ನು ಬರೆದುಕೊಂಡು, ಅದರಿಂದ 1823–24ರಲ್ಲಿ ‘ಮಂಜಿನ ಕಡಲು’ ಎಂಬ ಚಿತ್ರ ಮಾಡಿದ. ಚೂಪು ಹಲಗೆಗಳಂತೆ ಎದ್ದ ಮಂಜಿನ ಕೆಳಗೆ ನಜ್ಜುಗುಜ್ಜಾದ ಹಡಗು. ಅವನು ಇರುವವರೆಗೂ ಅದಕ್ಕೆ ಕೊಳ್ಳುವವರು ಸಿಗಲಿಲ್ಲ. 1835ರ ಜೂನ್ 26ರಂದು ಪಾರ್ಶ್ವವಾಯು ಬಡಿಯಿತು. ತೈಲವರ್ಣದ ಕೆಲಸ ಹೆಚ್ಚುಕಡಮೆ ನಿಂತೇಹೋಯಿತು. 1840ರ ಮೇ 7ರಂದು ತೀರಿಕೊಂಡಾಗ ಲೋಕ ಅವನನ್ನು ಮರೆತಾಗಿತ್ತು. ಮತ್ತೆ ಜನರ ಕಣ್ಣಿಗೆ ಬಿದ್ದದ್ದು 1906ರಲ್ಲಿ, ಬರ್ಲಿನ್ನಿನಲ್ಲಿ ಒಂದು ಶತಮಾನದ ಜರ್ಮನ್ ಕಲೆಯನ್ನು ಒಟ್ಟಿಗೆ ತೋರಿಸಿದ ದೊಡ್ಡ ಪ್ರದರ್ಶನದಲ್ಲಿ. ರ್ಯೂಗನ್ನಿನ ಚಿತ್ರವಂತೂ ಬಹಳ ಕಾಲ ಕಾರ್ಲ್ ಬ್ಲೆಖೆನ್ ಎಂಬ ಬೇರೆ ಚಿತ್ರಕಾರನ ಹೆಸರಿನಲ್ಲಿತ್ತು.

ಆ ಚಿತ್ರ ಈಗ ಇರುವುದು ಜರ್ಮನಿಯಲ್ಲಲ್ಲ, ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಪಟ್ಟಣದಲ್ಲಿ, ಓಸ್ಕರ್ ರೈನ್‌ಹಾರ್ಟ್ ಎಂಬ ಸಂಗ್ರಾಹಕ ಕಟ್ಟಿದ ಸಂಗ್ರಹಾಲಯದಲ್ಲಿ. ಇಲ್ಲಿ ಕಥೆ ಒಮ್ಮೆಗೇ ನಮ್ಮ ದಂಡೆಗೆ ತಿರುಗುತ್ತದೆ. ರೈನ್‌ಹಾರ್ಟ್ ಮನೆತನದ ಹಣ ಬಂದದ್ದು ವೋಲ್ಕಾರ್ಟ್ ಬ್ರದರ್ಸ್ ಎಂಬ ವ್ಯಾಪಾರ ಸಂಸ್ಥೆಯಿಂದ. 1851ರಲ್ಲಿ ವಿಂಟರ್‌ಥೂರ್ ಮತ್ತು ಬೊಂಬಾಯಿ ಎರಡೂ ಕಡೆ ಒಟ್ಟಿಗೆ ಬಾಗಿಲು ತೆರೆದ ಈ ಸಂಸ್ಥೆ ಹಿಂದೂಸ್ಥಾನದ ಹತ್ತಿ, ಕಾಫಿ, ತೆಂಗಿನ ನಾರುಗಳನ್ನು ಯುರೋಪಿಗೆ ಸಾಗಿಸಿ ಬೆಳೆಯಿತು. 1859ರಲ್ಲಿ ಕೊಚ್ಚಿಯಲ್ಲಿ ಶಾಖೆ ಮಾಡಿತು. ಓಸ್ಕರ್ ಸ್ವತಃ ಆ ಸಂಸ್ಥೆಯಲ್ಲಿ ದುಡಿದು, 1924ರಲ್ಲಿ ವ್ಯಾಪಾರ ಬಿಟ್ಟು ಉಳಿದ ಬದುಕನ್ನೆಲ್ಲ ಚಿತ್ರಗಳಿಗೆ ಕೊಟ್ಟವನು. ಸ್ವಾತಂತ್ರ್ಯ ಬಂದ ಮೇಲೆ, 1954ರಲ್ಲಿ, ವೋಲ್ಕಾರ್ಟ್ ಮತ್ತು ಟಾಟಾ ಸೇರಿ ಹೊಸ ಕಂಪನಿ ಮಾಡಿದರು. ಎರಡು ಹೆಸರುಗಳನ್ನೂ ಹೊಸೆದು ಅದಕ್ಕಿಟ್ಟ ಹೆಸರೇ ವೋಲ್ಟಾಸ್. ಹೊಸಂಗಡಿಯ ಯಾವುದಾದರೂ ಮನೆಯ ಗೋಡೆಯಲ್ಲಿ ತಣ್ಣಗೆ ಗಾಳಿ ಬಿಡುವ ಪೆಟ್ಟಿಗೆಯ ಮೇಲಿನ ಆ ಹೆಸರಿಗೂ, ಸ್ವಿಟ್ಜರ್ಲೆಂಡಿನ ಗೋಡೆಯಲ್ಲಿರುವ ಫ್ರೀಡ್ರಿಖ್‌ನ ಕಡಲಿಗೂ ಒಂದೇ ವ್ಯಾಪಾರದ ಎಳೆ.

ಎಳೆ ಅದೊಂದೇ ಅಲ್ಲ. ಫ್ರೀಡ್ರಿಖ್ ಇನ್ನೂ ಬದುಕಿದ್ದಾಗ, 1834ರ ಅಕ್ಟೋಬರಿನಲ್ಲಿ, ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರ ಹಿಂದೆ 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಕನ್ನಡಿಗರಿಗೆಲ್ಲ ಗೊತ್ತು. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್ ಅವರು ಹುಟ್ಟಿದ್ದು ಜರ್ಮನಿಯ ಉತ್ತರ ಕಡಲಿನ ಹತ್ತಿರದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ, 1832ರಲ್ಲಿ, ಫ್ರೀಡ್ರಿಖ್ ಸಾಯುವುದಕ್ಕೆ ಎಂಟು ವರ್ಷ ಮೊದಲು. ಆ ಕಡಲ ಮಗ ನಮ್ಮ ಕಡಲು, ತೆರೆ, ನೊರೆ, ಅಳಿವೆಗಳನ್ನೆಲ್ಲ ಕೂಡಿಸಿ, ಒರೆ ಹಚ್ಚಿ, 1894ರಲ್ಲಿ ನಿಘಂಟು ಮಾಡಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿ ಕೊಟ್ಟರು. ಜರ್ಮನಿಯಿಂದ ನಮಗೆ ಅಚ್ಚುಕೂಟ ಬಂತು, ಹೆಂಚಿನ ಕಾರ್ಖಾನೆ ಬಂತು, ನಿಘಂಟು ಬಂತು. ಆ ನಾಡು ಆ ಕಾಲದಲ್ಲಿ ಕಡಲನ್ನು ನೋಡಲು ಕಲಿತಿದ್ದ ಕಣ್ಣು ಮಾತ್ರ ಬರಲಿಲ್ಲ.

ಕನ್ನಡಕ್ಕೆ ಕಡಲು ಗೊತ್ತಿರಲಿಲ್ಲ ಎಂದಲ್ಲ. ಹಳೆಯ ಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿ ಸಮುದ್ರ ವರ್ಣನೆಯೂ ಒಂದು; ಕಡಲನ್ನೇ ಕಾಣದ ಬಯಲುಸೀಮೆಯ ಕವಿಯೂ ಅದನ್ನು ಬಿಡುವಂತಿರಲಿಲ್ಲ. ಆಮೇಲೆ ಯುರೋಪಿನ ರೊಮ್ಯಾಂಟಿಕ್ ಗಾಳಿ ಕನ್ನಡಕ್ಕೆ ಬೀಸಿದ್ದು ಇಂಗ್ಲಿಷ್ ಕವಿತೆಗಳ ಮೂಲಕ. ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಹೊರಬಂದು ನವೋದಯಕ್ಕೆ ದಾರಿ ಹಾಕಿತು. ಕರಾವಳಿಯಲ್ಲಿ ಅದಕ್ಕೆ ಮೊದಲೇ ಪಂಜೆ ಮಂಗೇಶರಾಯರು ಇದ್ದರು. ಫ್ರೀಡ್ರಿಖ್ 1774ರಲ್ಲಿ ಹುಟ್ಟಿದರೆ ಪಂಜೆಯವರು ಸರಿಯಾಗಿ ನೂರು ವರ್ಷ ಕಳೆದು, 1874ರಲ್ಲಿ ಹುಟ್ಟಿದವರು. ಅವರ ‘ತೆಂಕಣ ಗಾಳಿಯಾಟ’ ಓದಿದವರಿಗೆ ನಮ್ಮ ದಂಡೆಯ ಬಿರುಗಾಳಿ ಕಿವಿಯಲ್ಲಿ ಮೊರೆಯುತ್ತದೆ. ಹೊಸಂಗಡಿಗೆ ತಾಗಿದ ಮಂಜೇಶ್ವರದಲ್ಲಿ, ಕಡಲ ಸದ್ದು ಕೇಳುವಷ್ಟು ದೂರದಲ್ಲಿ, ಗೋವಿಂದ ಪೈಗಳು ಜರ್ಮನ್ ಸೇರಿದಂತೆ ಹತ್ತಾರು ಭಾಷೆಗಳ ಪುಸ್ತಕಗಳ ನಡುವೆ ಕೂತು 1963ರವರೆಗೂ ಬರೆದರು. ಮಾತಿನಲ್ಲಿ ರಮ್ಯ ಪಂಥ ನಮ್ಮಲ್ಲಿ ಹೀಗೆ ಬೇರುಬಿಟ್ಟು ಹೂ ಬಿಟ್ಟಿತು. ಆದರೆ ಅದೇ ಹೊತ್ತಿನಲ್ಲಿ ಕುಂಬಳೆಯಿಂದ ಸೋಮೇಶ್ವರದವರೆಗೆ ನಡೆದು, ಒಂದೊಂದು ಪಾದೆಯನ್ನೂ ಬರೆದು, ತಾರೀಕು ಹಾಕಿಟ್ಟ ಚಿತ್ರಕಾರನ ಕಾಗದಗಳ ಕಟ್ಟು ನಮ್ಮ ಪರಂಪರೆಯಲ್ಲಿ ಸೇರಲಿಲ್ಲ. ಅದು ಒಂದು ಕೊರತೆಯೇ. ಕವಿತೆ ಗಾಳಿಯನ್ನು ಉಳಿಸುತ್ತದೆ, ಬಂಡೆಯ ಆಕಾರವನ್ನು ಉಳಿಸುವುದಿಲ್ಲ.

ನಮ್ಮ ಸೀಮೆಯಲ್ಲಿ ಫ್ರೀಡ್ರಿಖ್ ಬಂದಿದ್ದರೆ ಎಲ್ಲಿ ಕೂರುತ್ತಿದ್ದ ಎಂದು ಯೋಚಿಸಿದರೆ ಮೊದಲು ನೆನಪಾಗುವುದು ಬೇಕಲ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದೆಂದು ಹೇಳುವ ಈ ಕೋಟೆ ಕಡಲಿಗೆ ಮೂತಿ ಚಾಚಿದ ಮುರಕಲ್ಲಿನ ಗುಡ್ಡದ ಮೇಲೆ 40 ಎಕರೆಯಷ್ಟು ಹರಡಿದೆ. ಕೋಟೆಯ ಗೋಡೆ ಎಲ್ಲಿ ಮುಗಿಯಿತು, ಗುಡ್ಡದ ಕಲ್ಲು ಎಲ್ಲಿ ಸುರುವಾಯಿತು ಎಂದು ಕೆಲವು ಕಡೆ ಹೇಳಲಾಗದು; ಎರಡೂ ಒಂದೇ ಕಲ್ಲು, ಒಂದೇ ಕೆಂಪು. ತೋಪಿನ ಕಂಡಿಗಳಲ್ಲಿ ಇಣುಕಿದರೆ ಚೌಕಟ್ಟು ಹಾಕಿದ ಹಾಗೆ ಕಡಲು. ಆ ಕಂಡಿಗಳನ್ನು ಕಟ್ಟಿದ್ದು ಹಡಗಿನ ಮೇಲೆ ಗುರಿಯಿಡಲು. ಮುನ್ನೂರಕ್ಕೂ ಹೆಚ್ಚು ವರ್ಷಗಳ ಬಳಿಕ, 1995ರಲ್ಲಿ ತೆರೆಕಂಡ ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಒಂದು ಹಾಡಿಗಾಗಿ ಕೆಮರಾ ಇಲ್ಲಿಗೆ ಬಂತು. ಮಳೆ, ಮೋಡ, ಪಾಚಿ ಹಿಡಿದ ಗೋಡೆ, ಅಂಚಿನಲ್ಲಿ ಕಾದು ನಿಂತ ಒಬ್ಬ ಮನುಷ್ಯ, ಅವನಾಚೆಗೆ ಕುದಿಯುವ ಕಡಲು. ಆ ಹಾಡನ್ನು ನೋಡಿದ ಮೇಲೆ ಬೇಕಲಕ್ಕೆ ಬಂದವರು ಕೋಟೆಯ ಚರಿತ್ರೆ ಕೇಳಲು ಬಂದವರಲ್ಲ, ಆ ಅಂಚಿನಲ್ಲಿ ನಿಲ್ಲಲು ಬಂದವರು. ಬೆನ್ನು ತೋರಿಸಿ, ಕಡಲು ನೋಡುತ್ತ ನಿಂತು ಫೋಟೊ ತೆಗೆಸಿಕೊಳ್ಳುವ ಹುಡುಗ ಹುಡುಗಿಯರು 1810ರ ಆ ಸನ್ಯಾಸಿಯ ಭಂಗಿಯಲ್ಲೇ ನಿಲ್ಲುತ್ತಾರೆ. ಚಿತ್ರ ಬಾರದಿದ್ದರೂ ಭಂಗಿ ಸಿನಿಮಾದ ದಾರಿಯಲ್ಲಿ ಬಂದುಬಿಟ್ಟಿತ್ತು.

ನೋಡುವುದರಿಂದ ಬಂಡೆಗೆ ಏನಾದರೂ ಲಾಭ ಉಂಟೇ? ರ್ಯೂಗನ್ನಿನ ಮಟ್ಟಿಗೆ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲೂ ಸೀಮೆಸುಣ್ಣದ ಗಣಿಗಳು ಎದ್ದವು, ಕೋಡುಗಳನ್ನೇ ಕಡಿದು ಸಾಗಿಸುವ ಹೊತ್ತು ಬಂದಿತ್ತು. ಅಷ್ಟರಲ್ಲಿ ಆ ಬಿಳಿ ಅಂಚು ಜನರ ಮನಸ್ಸಿನಲ್ಲಿ ಬರೀ ಸುಣ್ಣವಾಗಿ ಉಳಿದಿರಲಿಲ್ಲ. ಕವಿಗಳು, ಚಿತ್ರಕಾರರು, ಅವರ ಬೆನ್ನಿಗೆ ಬಂದ ಪ್ರವಾಸಿಗಳು ಅದಕ್ಕೆ ಬೇರೊಂದು ಬೆಲೆ ಕಟ್ಟಿದ್ದರು. 1929ರಲ್ಲಿ ಸರಕಾರ ಆ ಕರಾವಳಿಯನ್ನು ಕಾಯ್ದಿಟ್ಟ ಪ್ರದೇಶವೆಂದು ಘೋಷಿಸಿತು. 1990ರಲ್ಲಿ ಅದು ಯಾಸ್ಮುಂಡ್ ರಾಷ್ಟ್ರೀಯ ಉದ್ಯಾನವಾಯಿತು. ಬಂಡೆಯ ಮೇಲಿನ ಬೀಚ್ ಮರಗಳ ಕಾಡಿಗೆ 2011ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಆದರೆ ಕಡಲಿಗೆ ಸರಕಾರದ ಘೋಷಣೆ ತಾಗುವುದಿಲ್ಲ. 2005ರ ಫೆಬ್ರವರಿ 24ರಂದು ವಿಸ್ಸೋವರ್ ಕ್ಲಿಂಕನ್ನಿನ ಕೋಡುಗಳು ಕುಸಿದು ಸುಮಾರು 50,000 ಘನ ಮೀಟರ್ ಸುಣ್ಣ ನೀರಿಗೆ ಬಿತ್ತು. ಮರುದಿನದ ಪತ್ರಿಕೆಗಳು ಫ್ರೀಡ್ರಿಖ್‌ನ ಬಂಡೆ ಹೋಯಿತೆಂದೇ ಮರುಗಿದವು. ಅವನು ಬರೆದದ್ದು ಅದನ್ನಲ್ಲ ಎಂದು ತಿಳಿದವರು ತಿದ್ದಿ ಹೇಳಿದರೂ ಊರಿನ ದುಃಖ ಕಡಮೆಯಾಗಲಿಲ್ಲ.

ಮುರಕಲ್ಲಿಗೆ ಅಂಥ ದುಃಖ ಇನ್ನೂ ಹುಟ್ಟಬೇಕಾಗಿದೆ. ಕಾಸರಗೋಡಿನ ಪದವುಗಳಲ್ಲಿ ಕಲ್ಲಿನ ಕೋರೆಗಳು ಚೌಕ ಚೌಕವಾಗಿ ಇಳಿಯುತ್ತಲೇ ಇವೆ. ಹಿಂದೆ ಕೈಯಲ್ಲಿ ಕಡಿಯುತ್ತಿದ್ದ ಕಲ್ಲನ್ನು ಈಗ ಯಂತ್ರದ ಗರಗಸ ಹೋಳು ಮಾಡುತ್ತದೆ. ಕೆಂಪು ಧೂಳು ಸುತ್ತಲಿನ ಗೇರು ಮರಗಳ ಮೇಲೆಲ್ಲ ಕೂರುತ್ತದೆ. ಮನೆ ಕಟ್ಟುವವರಿಗೆ ಕಲ್ಲು ಬೇಕು, ಕೋರೆಯಲ್ಲಿ ದುಡಿಯುವವರಿಗೆ ಕೂಲಿ ಬೇಕು, ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಪದವು ಬರೀ ಕಲ್ಲಲ್ಲ. ಮಳೆಗಾಲದಲ್ಲಿ ಅದರ ಗುಂಡಿಗಳಲ್ಲಿ ನೀರು ನಿಂತು, ಮಳೆ ಹಿಂದೆ ಸರಿಯುವಾಗ ಸಾಸಿವೆಗಿಂತ ತುಸು ದೊಡ್ಡ ನೀಲಿ ಹೂಗಳು ಬಂಡೆಯ ಮೈತುಂಬ ಹಾಸುತ್ತವೆ. ಅದೇ ನೀರು ಕಲ್ಲಿನ ತೂತುಗಳಲ್ಲಿ ಇಳಿದು ಬಾಯಾರು, ಪೈವಳಿಕೆ, ಎಣ್ಮಕಜೆಗಳ ಸುರಂಗಗಳಲ್ಲಿ ಬೇಸಗೆಯಲ್ಲೂ ಜಿನುಗುತ್ತದೆ. ಗುಡ್ಡದ ಹೊಟ್ಟೆಗೆ ಆಳೆತ್ತರದ ಸುರಂಗ ಕೊರೆದು, ಕತ್ತಲೆಯಲ್ಲಿ ಕಲ್ಲಿನ ಬೆವರನ್ನು ಹಿಡಿದ ಆ ಹಿರಿಯರು ಮುರಕಲ್ಲನ್ನು ಬುಕಾನನ್‌ಗಿಂತ ಚೆನ್ನಾಗಿ ಓದಿದ್ದರು.

ಇತ್ತ ಪಡುವಲಿನಲ್ಲಿ ಕಡಲು ತನ್ನ ಕೆಲಸ ಮಾಡುತ್ತಿದೆ. ಉಪ್ಪಳದ ಮೂಸೋಡಿಯಲ್ಲಿ ಮಳೆಗಾಲ ಬಂದರೆ ದಡದ ಮನೆಗಳಿಗೆ ನಿದ್ದೆಯಿಲ್ಲ. ತೆಂಗು ಬೇರು ಬಿಚ್ಚಿ ವಾಲುತ್ತದೆ, ಮೊದಲು ಅಂಗಳ ಹೋಗುತ್ತದೆ, ಆಮೇಲೆ ಜಗಲಿ. ತಡೆಗೆ ಸುರಿದ ಕರಿಗಲ್ಲುಗಳ ಸಂದಿಯಲ್ಲೂ ಅಲೆ ಕೈ ಹಾಕುತ್ತದೆ. ಹತ್ತು ವರ್ಷದ ಹಿಂದೆ ದಡ ಎಲ್ಲಿತ್ತು ಎಂದು ಕೇಳಿದರೆ ಅಲ್ಲಿನ ಹೆಂಗಸರು ನೀರಿನೊಳಕ್ಕೆ ಬೆರಳು ತೋರಿಸುತ್ತಾರೆ. ಕರೋಲಿನೆಯ ಬೆರಳು ಏನನ್ನು ತೋರಿಸುತ್ತಿದೆ ಎಂದು ವಿದ್ವಾಂಸರು ಇನ್ನೂ ತರ್ಕಿಸುತ್ತಿದ್ದಾರೆ. ಇಲ್ಲಿ ತರ್ಕಕ್ಕೆ ಎಡೆಯಿಲ್ಲ. ಅಲ್ಲಿ ಬಾವಿಯಿತ್ತು, ಅಲ್ಲಿ ಬಲೆ ಒಣಗಿಸುತ್ತಿದ್ದೆವು.

ಜೂನ್ ತಿಂಗಳ ಮೊದಲ ಜೋರು ಮಳೆಗೆ ಮಂಜೇಶ್ವರ ಹೊಳೆ ಮತ್ತು ಉಪ್ಪಳ ಹೊಳೆ ಗುಡ್ಡಗಳ ಕೆಂಪನ್ನು ತೊಳೆದು ತರುತ್ತವೆ. ಅಳಿವೆಯ ಬಾಯಲ್ಲಿ ನಿಂತರೆ ಕಡಲು ಆ ದಿನ ಮೂರು ಬಣ್ಣದಲ್ಲಿ ಕಾಣುತ್ತದೆ. ದಡದ ಹತ್ತಿರ ಮುರಕಲ್ಲಿನ ಕೆಂಪು, ಅದರಾಚೆ ಮಣ್ಣು ಕಲಸಿದ ಹಸಿರು, ಇನ್ನೂ ಆಚೆ ಮೋಡದ ನೆರಳು ಬಿದ್ದ ಕಡುನೀಲಿ. ಕೆಂಪು ಪಟ್ಟಿಯ ಅಂಚು ಅಲೆಯೊಡನೆ ಹಿಂದೆ ಮುಂದೆ ಸರಿಯುತ್ತದೆ. ಸಂಜೆಯವರೆಗೂ ಮಳೆ ಬಿಡದಿದ್ದರೆ ಅದು ದೋಣಿಗಳು ಲಂಗರು ಹಾಕುವಷ್ಟು ದೂರ ಹೋಗಿ, ಕತ್ತಲಾದ ಮೇಲೆ ಕಾಣದಾಗುತ್ತದೆ.